ನೇತ್ರಾವತಿಯ ಎರಡು ದಡ: ಐತಿಹಾಸಿಕ ಪ್ರೇಮಕಥೆಯ ಬಗ್ಗೆ ಓದುಗರ ಪ್ರಶ್ನೆಗಳು

ಒಟ್ಟಿಗೆ ಆಡಿ ಬೆಳೆದ ಇಬ್ಬರು ಮುಂದೆ ಎದುರಾಳಿಗಳಾಗಿ ನಿಂತು, ಆ ಹಗೆಯ ನಡುವೆಯೂ ಒಬ್ಬರನ್ನೊಬ್ಬರು ಮರೆಯಲಾರದೆ ಹೋಗುವ ಐತಿಹಾಸಿಕ ಪ್ರೇಮಕಥೆಗಳನ್ನು ಬರೆಯುತ್ತಿರುವವರಿಂದ ಈ ಬಾರಿ ಹೆಚ್ಚಿನ ಪತ್ರಗಳು ಬಂದಿವೆ. ಅವುಗಳಲ್ಲಿ ಮಂಗಳೂರು ಮತ್ತು ಉಡುಪಿ ಸೀಮೆಯನ್ನೇ ಕಥಾಭೂಮಿಯಾಗಿ ಆರಿಸಿಕೊಂಡವರ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ (ಉಳ್ಳಾಲದ ಓದುಗಿಯೊಬ್ಬರು): ರಾಣಿ ಅಬ್ಬಕ್ಕ ಮತ್ತು ಮಂಗಳೂರಿನ ಬಂಗರಸರನ್ನು ಬಾಲ್ಯದ ಗೆಳೆಯರೆಂದು ಕಲ್ಪಿಸಿಕೊಂಡು ಕಾದಂಬರಿ ಬರೆಯುತ್ತಿದ್ದೇನೆ. ಅರಮನೆಯ ಒಬ್ಬ ಹೊಟ್ಟೆಕಿಚ್ಚಿನ ಮಂತ್ರಿ ಅವರ ನಡುವೆ ವಿಷ ಬಿತ್ತುತ್ತಾನೆ, ಮದುವೆ ಮುರಿಯುತ್ತದೆ, ಯುದ್ಧವಾಗುತ್ತದೆ. ಇದಕ್ಕೆ ಆಧಾರವಿಲ್ಲವೆಂದು ನನ್ನ ಸ್ನೇಹಿತೆ ಆಕ್ಷೇಪಿಸುತ್ತಿದ್ದಾಳೆ. ಕಾದಂಬರಿಗೆ ಅಷ್ಟೂ ಸ್ವಾತಂತ್ರ್ಯವಿಲ್ಲವೇ?

ಉತ್ತರ: ಸ್ವಾತಂತ್ರ್ಯವಿದೆ. ಆದರೆ ನಿಮ್ಮ ಕೈಯಲ್ಲಿರುವ ಇತಿಹಾಸವು ನಿಮ್ಮ ಕಲ್ಪನೆಗಿಂತ ಬಲವಾಗಿರುವಾಗ ಆ ಸ್ವಾತಂತ್ರ್ಯವನ್ನು ಬಳಸುವುದು ನಷ್ಟದ ವ್ಯಾಪಾರ. ಉಳ್ಳಾಲದ ಚೌಟರು ಮತ್ತು ಮಂಗಳೂರಿನ ಬಂಗರು ನೇತ್ರಾವತಿಯ ಅಳಿವೆಯ ಎರಡು ಬದಿಗಳಲ್ಲಿ ಇದ್ದ ಜೈನ ಅರಸುಮನೆತನಗಳು. ಚೌಟರ ರಾಣಿಯೊಬ್ಬಳು ಬಂಗರಸನನ್ನು ಮದುವೆಯಾಗಿದ್ದಳು. ಮದುವೆಯಾದ ಮೇಲೂ ಇಬ್ಬರೂ ತಮ್ಮ ತಮ್ಮ ನೆಲದಲ್ಲಿಯೇ ಇದ್ದರು. ಸಂಬಂಧ ಕೆಟ್ಟಾಗ ರಾಣಿ ಗಂಡನು ಕೊಟ್ಟಿದ್ದ ಆಭರಣಗಳನ್ನು ಹಿಂದಕ್ಕೆ ಕಳುಹಿಸಿ ಮದುವೆಯನ್ನು ಕಡಿದುಕೊಂಡಳು. ಅಲ್ಲಿಂದ ಮುಂದೆ ಬಂಗರಸನು ಪೋರ್ಚುಗೀಸರ ನೆರವು ಪಡೆದನು, ರಾಣಿಯು ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನನ್ನು ನೆರವಿಗೆ ಕರೆದಳು. ಇದು 1623ರಲ್ಲಿ ಈ ಕಡೆಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ತನ್ನ ಪತ್ರಗಳಲ್ಲಿ ಬರೆದಿಟ್ಟ ಸಂಗತಿ. ಅವನು ಆ ರಾಣಿಯನ್ನು ಕಣ್ಣಾರೆ ಕಂಡವನು. ಆಕೆ ಕಾಲುವೆಯ ಕೆಲಸವನ್ನು ನೋಡಲು ಬರಿಗಾಲಿನಲ್ಲಿ ಹೊರಟಿದ್ದಳು, ತಲೆಯ ಮೇಲೆ ಓಲೆಯ ಕೊಡೆ ಹಿಡಿದಿದ್ದರು, ಮೈಮೇಲೆ ಸಾದಾ ಬಟ್ಟೆಯಿತ್ತು; ನೋಟಕ್ಕೆ ಆಕೆ ಅಡುಗೆಯ ಆಳಿನಂತೆ ಕಂಡರೂ ಮಾತು ಕೇಳಿದಾಗ ರಾಣಿತನ ತಿಳಿಯಿತು ಎಂಬ ಧಾಟಿಯಲ್ಲಿ ಅವನು ವರ್ಣಿಸುತ್ತಾನೆ. ಕೆಸರಿನ ಬದಿಯಲ್ಲಿ ನಿಂತು ಕಾಲುವೆ ತೋಡಿಸುವ ಈ ಹೆಂಗಸಿನ ಮುಂದೆ ನಿಮ್ಮ ಹಸ್ತಪ್ರತಿಯ ಮೊದಲ ಅಧ್ಯಾಯದಲ್ಲಿ ಉಯ್ಯಾಲೆಯ ಮೇಲೆ ಕುಳಿತ ರಾಜಕುಮಾರಿಯು ನಿಲ್ಲಲಾರಳು.

ಇನ್ನೊಂದು ತೊಡಕನ್ನು ನೀವು ಗಮನಿಸಿದಂತೆ ಕಾಣುವುದಿಲ್ಲ. ಜನಪ್ರಿಯ ಪುಸ್ತಕಗಳು 1555ರ ಪೋರ್ಚುಗೀಸ್ ದಾಳಿಯನ್ನು ಎದುರಿಸಿದ ಅಬ್ಬಕ್ಕನಿಗೂ ಪ್ರವಾಸಿಯು 1623ರಲ್ಲಿ ಕಂಡ ರಾಣಿಗೂ ಒಂದೇ ಹೆಸರು, ಒಂದೇ ಬಾಳು ಕಟ್ಟಿಬಿಡುತ್ತವೆ. ಎರಡು ಘಟನೆಗಳ ನಡುವೆ 68 ವರ್ಷಗಳಿವೆ. ಚೌಟರಲ್ಲಿ ಒಬ್ಬರಿಗಿಂತ ಹೆಚ್ಚು ಅಬ್ಬಕ್ಕಂದಿರು ಆಳಿದರೆಂದು ಇತಿಹಾಸಕಾರರು ಹೇಳುವುದು ಇದೇ ಕಾರಣಕ್ಕೆ. ನಿಮ್ಮ ಕಾದಂಬರಿಯಲ್ಲಿ ತಿರುಮಲರಾಯನು ಸೊಸೆಗೆ ಕತ್ತಿವರಸೆ ಕಲಿಸುವ ಬಾಲ್ಯವೂ ವೆಂಕಟಪ್ಪ ನಾಯಕನ ಸೈನ್ಯವೂ ಒಂದೇ ನಾಯಕಿಯ ಬದುಕಿನಲ್ಲಿ ಬಂದಿವೆ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ.

ಮಂತ್ರಿಯ ವಿಷಯಕ್ಕೆ ಬಂದರೆ, ಅವನನ್ನು ಕೈಬಿಡಿ ಎಂದೇ ನಮ್ಮ ಸಲಹೆ. ಮೂರನೆಯವನೊಬ್ಬನ ಚಾಡಿಯಿಂದ ಮುರಿಯುವ ಸಂಬಂಧವನ್ನು ಇಂದಿನ ಕದ್ರಿಯ ಯಾವುದೋ ಫ್ಲ್ಯಾಟಿನಲ್ಲಿ ಇಟ್ಟರೂ ಕಥೆ ಹಾಗೆಯೇ ನಡೆಯುತ್ತದೆ. ಹಾಗಿದ್ದ ಮೇಲೆ ಅದಕ್ಕೆ ಹದಿನಾರನೆಯ ಶತಮಾನದ ಗೊಡವೆ ಏಕೆ? ಆಭರಣಗಳ ಪೆಟ್ಟಿಗೆ ದೋಣಿಯಲ್ಲಿ ಹೊಳೆ ದಾಟಿ ಹಿಂದಿರುಗುವ ಒಂದು ದೃಶ್ಯವು ಹತ್ತು ಚಾಡಿಕೋರರ ಕೆಲಸವನ್ನು ಮಾಡಬಲ್ಲದು. ಬಾಲ್ಯದ ಗೆಳೆತನವನ್ನು ಬಿಡಲು ಮನಸ್ಸಿಲ್ಲದಿದ್ದರೆ ಅಬ್ಬಕ್ಕನ ಹೆಸರನ್ನು ಬಿಟ್ಟು, ಅದೇ ಹೊಳೆಯ ಎರಡು ದಡಗಳಲ್ಲಿ ನಿಮ್ಮದೇ ಆದ ಎರಡು ಬೀಡುಗಳನ್ನು, ಅಂದರೆ ಅರಸುಮನೆಗಳನ್ನು, ಕಟ್ಟಿಕೊಳ್ಳಿ.

ಪ್ರಶ್ನೆ (ಕಾರ್ಕಳದ ಓದುಗರೊಬ್ಬರು): ನನ್ನ ಪಾತ್ರಗಳೆಲ್ಲ ಕಲ್ಪಿತ, ಕಾಲ ಮಾತ್ರ ಪೋರ್ಚುಗೀಸರದು. ಹುಡುಗ, ಹುಡುಗಿ ಒಂದೇ ಮನೆಯಲ್ಲಿ ಬೆಳೆಯಬೇಕು, ಆಮೇಲೆ ವೈರಿಗಳಾಗಬೇಕು. ಎಷ್ಟು ಯೋಚಿಸಿದರೂ ವೈರಕ್ಕೆ ಸಿನಿಮಾದ ಕಾರಣಗಳೇ ಹೊಳೆಯುತ್ತವೆ. ಏನು ಮಾಡಲಿ?

ಉತ್ತರ: ಕಾರಣವನ್ನು ಹುಡುಕಲು ನೀವು ದೂರ ಹೋಗಬೇಕಾಗಿಲ್ಲ; ನಮ್ಮ ಸೀಮೆಯ ಅಳಿಯಸಂತಾನ ಪದ್ಧತಿಯೇ ಅದನ್ನು ಸಿದ್ಧಮಾಡಿ ಇಟ್ಟಿದೆ. ಆ ಕಟ್ಟಿನಲ್ಲಿ ಮನೆ, ಭೂಮಿ, ಪಟ್ಟ ಎಲ್ಲವೂ ಹೆಣ್ಣಿನ ಸಂತತಿಯ ಮೂಲಕ ಇಳಿಯುತ್ತವೆ. ಗಂಡಸಿಗೆ ಉತ್ತರಾಧಿಕಾರಿಯಾಗುವವನು ಅವನ ಮಗನಲ್ಲ, ಅವನ ಅಕ್ಕತಂಗಿಯರ ಮಗ. ಮಕ್ಕಳು ತಾಯಿಯ ಕುಟುಂಬಕ್ಕೆ, ತಾಯಿಯ ‘ಬಳಿ’ಗೆ, ಅಂದರೆ ತಾಯಿಯ ಕುಲಕ್ಕೆ, ಸೇರಿದವರು. ಒಂದೇ ಬಳಿಯವರ ನಡುವೆ ಮದುವೆಯಿಲ್ಲ.

ಈಗ ಹೊಳೆಯ ತೆಂಕು ದಡದಲ್ಲಿ ಒಂದು ಬೀಡನ್ನು ಊಹಿಸಿಕೊಳ್ಳಿ. ಬೀಡಿನ ಒಡೆಯನಾದ ಬಲ್ಲಾಳನ ಮಗನೂ ಬಲ್ಲಾಳನ ತಂಗಿಯ ಮಗಳೂ ಅಲ್ಲಿ ಒಟ್ಟಿಗೆ ಬೆಳೆಯುತ್ತಾರೆ. ಅವನಿಗೆ ಅವಳು ಸೋದರತ್ತೆಯ ಮಗಳು, ಅವಳಿಗೆ ಅವನು ಸೋದರಮಾವನ ಮಗ. ಬಳಿ ಬೇರೆಯಾದ್ದರಿಂದ ಮದುವೆಗೆ ಅಡ್ಡಿಯಿಲ್ಲ, ದೊಡ್ಡವರು ತಮಾಷೆಗೆ ಆ ಮಾತನ್ನು ಆಡುತ್ತಲೂ ಇರುತ್ತಾರೆ. ಆದರೆ ಆ ಅಂಗಳದಲ್ಲಿ ಓಡಾಡುವ ಇಬ್ಬರಲ್ಲಿ ಮನೆ ಅವಳದು, ಅವನದಲ್ಲ. ಬಲ್ಲಾಳನು ತೀರಿಕೊಳ್ಳುತ್ತಾನೆ. ಗಂಡ ಸತ್ತ ಮೇಲೆ ಹೆಂಡತಿಯು ಮಕ್ಕಳನ್ನು ಕರೆದುಕೊಂಡು ತನ್ನ ತಾಯಿಮನೆಗೆ ಮರಳುವುದು ಆ ಪದ್ಧತಿಯಲ್ಲಿ ಸಹಜ. ಹನ್ನೆರಡರ ಹುಡುಗನು ತಾನು ಹುಟ್ಟಿ ಬೆಳೆದ ಚಾವಡಿಯಿಂದ ಬಡಗು ದಡದ ಮನೆಗೆ ಹೋಗುತ್ತಾನೆ. ಅಲ್ಲಿ ಅವನ ಸೋದರಮಾವನಿಗೆ ಅವನೇ ಅಳಿಯ, ಅಂದರೆ ಅವನೇ ಮುಂದಿನ ಬಲ್ಲಾಳ. ಯಾರೂ ಯಾರಿಗೂ ದ್ರೋಹ ಮಾಡಲಿಲ್ಲ, ಆದರೂ ಹದಿನೈದು ವರ್ಷಗಳ ಮೇಲೆ ಅವರಿಬ್ಬರು ಒಂದೇ ಹೊಳೆಯ ಸುಂಕಕ್ಕಾಗಿ ಎದುರುಬದುರಾಗುತ್ತಾರೆ.

ಇದಕ್ಕೆ ಪೋರ್ಚುಗೀಸರನ್ನು ಸೇರಿಸಿ. ಗೋವೆಯ ಹೊಟ್ಟೆ ತುಂಬುತ್ತಿದ್ದುದು ಬಹುಮಟ್ಟಿಗೆ ನಮ್ಮ ಕರಾವಳಿಯ ಅಕ್ಕಿಯಿಂದ. ಅವರ ಕರ್ತಾಸ್ ಎಂಬ ರಹದಾರಿಯಿಲ್ಲದ ಹಡಗು ಕಡಲಿನಲ್ಲಿ ಸಿಕ್ಕಿದರೆ ಸರಕಿನೊಂದಿಗೆ ಕೈಬಿಟ್ಟಂತೆಯೇ. ವಿಜಯನಗರವು 1565ರಲ್ಲಿ ಕುಸಿದ ಮೇಲೆ ಸಣ್ಣ ಅರಸರಿಗೆ ಬೆನ್ನಿಗೆ ನಿಲ್ಲುವ ದೊಡ್ಡ ಶಕ್ತಿಯೂ ಉಳಿಯಲಿಲ್ಲ. 1568ರಲ್ಲಿ ಮಂಗಳೂರಿನಲ್ಲಿಯೇ ಪೋರ್ಚುಗೀಸರ ಕೋಟೆ ಎದ್ದಿತು. ಬಡಗು ದಡದವನು ಕೋಟೆಯ ನೆರಳಿನಲ್ಲಿ ಇದ್ದಾನೆ, ಅವನು ಕಪ್ಪ ಕೊಟ್ಟು ರಹದಾರಿ ಪಡೆಯುತ್ತಾನೆ. ತೆಂಕು ದಡದವಳು ಕೊಡಲೊಪ್ಪದೆ ಕಲ್ಲಿಕೋಟೆಯ ಅರಸ ಸಾಮೂದಿರಿಯ ಕಡೆಗೆ ನೋಡುತ್ತಾಳೆ. ಇಬ್ಬರಿಗೂ ತಮ್ಮ ತಮ್ಮ ಪ್ರಜೆಗಳ ಹೊಟ್ಟೆಯ ಚಿಂತೆಯೇ. ಓದುಗನು ಒಂದು ಅಧ್ಯಾಯದಲ್ಲಿ ಅವನ ಕಡೆಗೂ ಮುಂದಿನ ಅಧ್ಯಾಯದಲ್ಲಿ ಅವಳ ಕಡೆಗೂ ವಾಲುವಂತಾದರೆ ನಿಮ್ಮ ಕೆಲಸ ಮುಗಿಯಿತು.

ಅವರ ಬಾಲ್ಯವನ್ನು ಹೇಗೆ ತೋರಿಸಲಿ ಎಂದೂ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಮಾವಿನ ತೋಪು, ಬೆಳದಿಂಗಳು ಬೇಡ. ಆಟಿ ತಿಂಗಳ ಮಳೆಯಲ್ಲಿ ಚಾವಡಿಯ ಮೂಲೆಯಲ್ಲಿ ಚೆನ್ನೆಮಣೆಯ ಮುಂದೆ ಇಬ್ಬರನ್ನೂ ಕೂರಿಸಿ. ಎರಡು ಸಾಲುಗಳಲ್ಲಿ 14 ಗುಳಿಗಳು, ಗುಳಿಗೆ 4ರಂತೆ 56 ಮಂಜೊಟ್ಟಿ ಕಾಳುಗಳು. ಹುಡುಗನು ಕೈ ಹಾಕುವ ಮೊದಲು ಕಣ್ಣಿನಲ್ಲಿಯೇ ಎಣಿಸುತ್ತಾನೆ, ಕಾಳುಗಳು ಎಲ್ಲಿ ಮುಗಿಯುತ್ತವೆಂದು ಖಾತ್ರಿಯಾದ ಮೇಲೆಯೇ ಗುಳಿಯನ್ನು ಬರಿದುಮಾಡುತ್ತಾನೆ. ಹುಡುಗಿಗೆ ಅಷ್ಟು ತಾಳ್ಮೆಯಿಲ್ಲ; ಅವಳು ಗುಳಿಯನ್ನು ಬಾಚಿಕೊಂಡು ಹಂಚುತ್ತಾ ಹೋಗಿ, ಕೊನೆಯ ಕಾಳಿನ ಮುಂದೆ ಬರಿಗುಳಿ ಸಿಕ್ಕಿದಾಗ ನಗುತ್ತಾಳೆ. ಹದಿನೈದು ವರ್ಷಗಳ ಮೇಲೆ ಅಳಿವೆಯಲ್ಲಿ ಅವನ ಅಕ್ಕಿಯ ದೋಣಿಗಳು ಒಂದೊಂದಾಗಿ, ಅಳೆದಷ್ಟು ಅಂತರದಲ್ಲಿ ಹೊರಡುವುದನ್ನು ಕಂಡು ಅವನ ಮುಂದಿನ ನಡೆ ಯಾವುದೆಂದು ಅವಳಿಗೆ ತಿಳಿದುಬಿಡುತ್ತದೆ. ಆ ಕ್ಷಣದಲ್ಲಿ ಪ್ರೇಮವೂ ಇದೆ, ಯುದ್ಧವೂ ಇದೆ. ಅಂದ ಹಾಗೆ, ತುಳುವಿನ ಹಾಡುಗಥೆಯಾದ ಸಿರಿ ಪಾಡ್ದನದ ಅಬ್ಬಗ ದಾರಗ ಎಂಬ ಅವಳಿಗಳು ಇದೇ ಆಟದಲ್ಲಿ ಜಗಳವಾಡಿ, ಒಬ್ಬಳು ಮಣೆಯ ಏಟಿನಿಂದ ಸತ್ತು ಇನ್ನೊಬ್ಬಳು ಬಾವಿಗೆ ಹಾರಿದ ಕಥೆ ನಮ್ಮವರಿಗೆಲ್ಲ ಗೊತ್ತು. ಮಕ್ಕಳು ಚೆನ್ನೆಮಣೆ ಆಡುತ್ತಿರುವಾಗ ಮನೆಯ ಅಜ್ಜಿಯೊಬ್ಬಳು ಸುಮ್ಮನೆ ಗದರಿಸಿದರೂ ತುಳುನಾಡಿನ ಓದುಗನ ಎದೆ ಒಮ್ಮೆ ಝಲ್ಲೆನ್ನುತ್ತದೆ. ಅದನ್ನು ವಿವರಿಸಲು ಹೋಗಬೇಡಿ.

ಪ್ರಶ್ನೆ (ಮಣಿಪಾಲದ ವಿದ್ಯಾರ್ಥಿನಿಯೊಬ್ಬರು): 1550ರ ದಶಕದಲ್ಲಿ ನಡೆಯುವ ನನ್ನ ಕಥೆಯನ್ನು ಸ್ಪರ್ಧೆಯೊಂದರ ತೀರ್ಪುಗಾರರು ‘ಕಾಲದೋಷ’ ಎಂಬ ಒಂದೇ ಪದ ಬರೆದು ಹಿಂದಿರುಗಿಸಿದ್ದಾರೆ. ಕಥೆಯನ್ನು ಲಗತ್ತಿಸಿದ್ದೇನೆ. ದೋಷ ಎಲ್ಲಿದೆ?

ಉತ್ತರ: ಮೊದಲ ಪುಟದಲ್ಲಿ ನಾಯಕನು ಕೆಂಪು ಹೆಂಚಿನ ಮಾಡುಗಳ ಸಾಲನ್ನು ದೋಣಿಯಿಂದ ನೋಡುತ್ತಾನೆ. ಆ ಮಂಗಳೂರು ಹೆಂಚು ಹುಟ್ಟಿದ್ದು 1865ರಲ್ಲಿ. ಮುಳಿಹುಲ್ಲಿನ ಮಾಡು ಎಂದು ತಿದ್ದಿಕೊಳ್ಳಿ. ಮೂರನೆಯ ಪುಟದಲ್ಲಿ ಇಬ್ಬರೂ ಗೇರುಮರದ ಕೆಳಗೆ ಅಡಗುತ್ತಾರೆ. ಗೇರನ್ನು ಈ ದೇಶಕ್ಕೆ ತಂದವರೇ ಪೋರ್ಚುಗೀಸರು, ಅವರ ಮೇಲೆ ಕತ್ತಿ ಹಿರಿದು ನಿಂತಿರುವ ನಿಮ್ಮ ಕಥೆಯ ರಾಣಿಯ ಹಿತ್ತಲಿನಲ್ಲಿ ಅಷ್ಟು ಹಳೆಯ, ಅಡಗಿಕೊಳ್ಳುವಷ್ಟು ದೊಡ್ಡ ಗೇರುಮರ ಇರುವುದು ಅನುಮಾನ. ಹಲಸಾಗಲಿ, ಪುನರ್ಪುಳಿಯಾಗಲಿ ಆದೀತು. ಊಟದ ದೃಶ್ಯದ ಕೆಂಪು ಮೆಣಸಿನ ಕೋಳಿಸಾರಿಗೂ ಇದೇ ಮಾತು ಸಲ್ಲುತ್ತದೆ: ಮೆಣಸಿನಕಾಯಿಯೂ ಅವರೊಂದಿಗೆ ಬಂದದ್ದು, ಅದಕ್ಕೂ ಮುಂಚೆ ನಮ್ಮ ಅಡುಗೆಗೆ ಖಾರ ಕೊಟ್ಟದ್ದು ಕಾಳುಮೆಣಸು. ಕಥೆಯ ಉಳಿದ ಭಾಗ ಚೆನ್ನಾಗಿದೆ. ತೀರ್ಪುಗಾರರು ಇನ್ನೆರಡು ಸಾಲು ಬರೆಯಬಹುದಿತ್ತು.

ಪ್ರಶ್ನೆ (ಜೆಪ್ಪುವಿನ ಓದುಗರೊಬ್ಬರು): ಅರಸುಮನೆತನಗಳ ಕಥೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು 1910ರ ಸುಮಾರಿನ ಮಂಗಳೂರಿನ ಎರಡು ಹೆಂಚಿನ ಕಾರ್ಖಾನೆಗಳ ಮಾಲೀಕರ ಮಕ್ಕಳನ್ನು ಆರಿಸಿಕೊಂಡಿದ್ದೇನೆ. ಮಣ್ಣು, ಹೊಗೆ, ಕೂಲಿ, ಲೆಕ್ಕ. ಇದರಲ್ಲಿ ಪ್ರೇಮಕ್ಕೆ ಜಾಗವಿದೆಯೇ ಎಂಬ ಸಂಶಯ ಕಾಡುತ್ತಿದೆ.

ಉತ್ತರ: ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಮಗೆ ಅತ್ಯಂತ ಇಷ್ಟವಾದ ವಸ್ತು ನಿಮ್ಮದು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ, ಅದೇ ಹೊಳೆಗಳ ಅದೇ ಜೇಡಿಮಣ್ಣಿನಿಂದ ಊರಿನ ಉದ್ಯಮಿಗಳೂ ಒಬ್ಬರ ಹಿಂದೆ ಒಬ್ಬರಂತೆ ಹೆಂಚು ಮಾಡತೊಡಗಿದರು. ಒಂದೇ ಮಣ್ಣು, ಒಂದೇ ಬಂದರು, ಒಂದೇ ಗಿರಾಕಿ ಇರುವಲ್ಲಿ ಪೈಪೋಟಿಯನ್ನು ಹೊಸೆಯಬೇಕಾಗಿಲ್ಲ. ಫಲ್ಗುಣಿ ಹೊಳೆಯ ದಡದಲ್ಲಿ ಒಳ್ಳೆಯ ಜೇಡಿ ಇರುವ ಒಂದು ಗದ್ದೆ ಮಾರಾಟಕ್ಕೆ ಬರಲಿ, ಅದು ಮಕ್ಕಳಿಬ್ಬರೂ ಚಿಕ್ಕವರಿದ್ದಾಗ ಏಡಿ ಹಿಡಿಯುತ್ತಿದ್ದ ಗದ್ದೆಯೇ ಆಗಿರಲಿ. ಅದನ್ನು ಯಾರು ಕೊಂಡರೂ ಅಗೆಯಲೇಬೇಕು, ಅಗೆದರೆ ಗದ್ದೆ ಉಳಿಯುವುದಿಲ್ಲ.

ಕಾಲವನ್ನೂ ನೀವು ಚೆನ್ನಾಗಿ ಆರಿಸಿದ್ದೀರಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ದಕ್ಕೆಯಿಂದ ಮಂಜಿ ಎಂಬ ಸರಕಿನ ಹಾಯಿದೋಣಿಗಳಲ್ಲಿ ಮಾತ್ರ ಹೊರಡುತ್ತಿದ್ದ ಹೆಂಚಿಗೆ ಇನ್ನೊಂದು ದಾರಿ ತೆರೆಯಿತು. ಅಪ್ಪಂದಿರು ಮಂಜಿಯ ಮಾಲೀಕರೊಂದಿಗಿನ ಹಳೆಯ ವಿಶ್ವಾಸವನ್ನು ಬಿಡಲಾರರು, ಮಕ್ಕಳಲ್ಲಿ ಒಬ್ಬರು ರೈಲಿಗೆ ತಿರುಗಿದರೆ ಸಾಕು, ಬಿರುಕು ಕಾಣಿಸಿಕೊಳ್ಳುತ್ತದೆ. ಮುಂದೆ 1914ರಲ್ಲಿ ಯುದ್ಧ ಶುರುವಾಗಿ ಬಾಸೆಲ್ ಮಿಶನ್ನಿನ ಜರ್ಮನರು ಶತ್ರುದೇಶದವರೆನಿಸಿದರು, ಅವರ ಉದ್ದಿಮೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಮಾರುಕಟ್ಟೆಯ ದೊಡ್ಡಣ್ಣ ತತ್ತರಿಸುತ್ತಿರುವಾಗ ಆ ಜಾಗಕ್ಕೆ ನುಗ್ಗುವ ಇಬ್ಬರು ಹಳೆಯ ಗೆಳೆಯರನ್ನು ಊಹಿಸಿಕೊಂಡರೆ ನಿಮ್ಮ ಎರಡನೆಯ ಭಾಗ ತಾನಾಗಿಯೇ ಸಿಗುತ್ತದೆ.

ನಾಯಕಿಯು ಕಾರ್ಖಾನೆ ನಡೆಸುವುದು ಆ ಕಾಲಕ್ಕೆ ನಂಬುವಂತಿರಬೇಕೆಂಬ ನಿಮ್ಮ ಆತಂಕ ನ್ಯಾಯವಾದದ್ದು. ಹೆಂಚಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರು ಬಹಳ ಮಂದಿ ಇದ್ದರು. ಒಡತಿಯಾಗಿ ಮೇಜಿನ ಹಿಂದೆ ಕೂರುವವಳನ್ನು ನಂಬಿಸುವುದು ಕಷ್ಟ. ಆದರೆ 1870ರಲ್ಲಿಯೇ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದು ಹುಡುಗಿಯರಿಗೆ ಪಾಠ ಹೇಳತೊಡಗಿದ್ದರು. ಓದಿದ ಮಗಳು ಕಾಯಿಲೆಯ ತಂದೆಯ ಲೆಕ್ಕಪತ್ರಗಳನ್ನು ಮನೆಯಲ್ಲಿ ಕುಳಿತೇ ನೋಡುತ್ತಾ, ಗುಮಾಸ್ತನಾದ ರೈಟರನ ಹೆಸರಿನಲ್ಲಿ ಎಲ್ಲ ತೀರ್ಮಾನಗಳನ್ನೂ ತಾನೇ ತೆಗೆದುಕೊಳ್ಳುತ್ತಿರಲಿ. ಎದುರು ಕಾರ್ಖಾನೆಯವನು ಯಾರೊಂದಿಗೆ ಸೆಣಸುತ್ತಿದ್ದೇನೆಂದು ತಿಳಿಯದೆ ಒಂದು ವರ್ಷ ಸೆಣಸಲಿ.

ಅವನಿಗೆ ತಿಳಿಯುವ ಬಗೆಗೆ ಒಂದು ಸೂಚನೆ ಕೊಡುತ್ತೇವೆ. ಚೆನ್ನಾಗಿ ಬೆಂದ ಹೆಂಚನ್ನು ಬೆರಳಗಂಟಿನಿಂದ ತಟ್ಟಿದರೆ ಠಣ್ಣೆನ್ನುತ್ತದೆ, ಬೇಯದ್ದು ಮಂದವಾಗಿ ಸದ್ದು ಮಾಡುತ್ತದೆ. ಗಿರಾಕಿಯೊಬ್ಬನು ಎದುರು ಕಾರ್ಖಾನೆಯವನ ಹೆಂಚುಗಳನ್ನು ಅವಳ ಕಾರ್ಖಾನೆಯ ಅಂಗಳಕ್ಕೆ ತಂದು ದರ ಚೌಕಾಶಿ ಮಾಡುವಾಗ ಅವಳು ಒಂದನ್ನು ಎತ್ತಿ ತಟ್ಟಿ, ಭಟ್ಟಿಗೆ ಹಸಿ ಸೌದೆ ಹಾಕಿ ಅವಸರ ಮಾಡಿದ್ದಾರೆ ಎಂದು ರೈಟರನ ಕೈಯಲ್ಲಿ ಹೇಳಿ ಕಳುಹಿಸಲಿ. ಆ ಮಾತನ್ನು ಅಷ್ಟು ನೇರವಾಗಿ ಹೇಳುವವರು ಊರಿನಲ್ಲಿ ಒಬ್ಬರೇ ಇದ್ದಾರೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಹೆಂಚಿನ ಮೇಲಿನ ಅಚ್ಚನ್ನು ಬಳಸಿಕೊಳ್ಳುವಾಗ ಮಾತ್ರ ಎಚ್ಚರಿಕೆ ಬೇಕು: ಬಾಸೆಲ್ ಮಿಶನ್ನಿನ ಹೆಂಚುಗಳಲ್ಲಿ ಕಾಣುವ 1865 ಎಂಬುದು ಕಾರ್ಖಾನೆ ಶುರುವಾದ ವರ್ಷವೇ ಹೊರತು ಆ ಹೆಂಚು ಸುಟ್ಟ ವರ್ಷವಲ್ಲ. ಹಳೆಯ ಮಾಡಿನಿಂದ ಇಳಿಸಿದ ಹೆಂಚಿನ ವರ್ಷವನ್ನು ಓದಿ ರಹಸ್ಯ ಬಿಡಿಸುವ ನಿಮ್ಮ ಕೊನೆಯ ಅಧ್ಯಾಯಕ್ಕೆ ಇದರಿಂದ ತೊಂದರೆಯಾಗುತ್ತದೆ.

ಪ್ರಶ್ನೆ (ಮಂಗಳೂರಿನಲ್ಲಿ ನೆಲೆಸಿರುವ ಸುಳ್ಯದ ಓದುಗರೊಬ್ಬರು): 1837ರ ಅಮರಸುಳ್ಯ ದಂಗೆಯ ಹಿನ್ನೆಲೆಯಲ್ಲಿ ಇಂತಹ ಕಥೆ ಸಾಧ್ಯವೇ?

ಉತ್ತರ: ಸಾಧ್ಯ, ಆದರೆ ಇಕ್ಕಟ್ಟು. ಕೊಡಗನ್ನು ಈಸ್ಟ್ ಇಂಡಿಯಾ ಕಂಪನಿಯು 1834ರಲ್ಲಿ ವಶಪಡಿಸಿಕೊಂಡು ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಗಿ ಬಂದದ್ದು ರೈತರ ಸಿಟ್ಟಿಗೆ ದೊಡ್ಡ ಕಾರಣ. ಕಂದಾಯದ ಲೆಕ್ಕ ಬರೆಯುವ ಮನೆಯ ಹುಡುಗಿ, ಕಟ್ಟಲಾಗದ ಮನೆಯ ಹುಡುಗ ಎಂದರೆ ವೈರಕ್ಕೆ ಬೇಕಾದದ್ದೆಲ್ಲ ಸಿಕ್ಕಿತು. ತೊಡಕಿರುವುದು ಕಾಲದ ಅಳತೆಯಲ್ಲಿ. ಬಂಡಾಯಗಾರರು ಮಂಗಳೂರನ್ನು ಹಿಡಿದದ್ದು ಏಪ್ರಿಲಿನಲ್ಲಿ, ಅದು ಅವರ ಕೈಯಲ್ಲಿ ಉಳಿದದ್ದು ಸುಮಾರು ಎರಡು ವಾರ. ಬಾವುಟಗುಡ್ಡೆಯ ಮೇಲೆ ಧ್ವಜ ಹಾರುತ್ತಿರುವ ಆ ಎರಡು ವಾರಗಳಿಗೆ ಪ್ರೇಮದ ಎಲ್ಲ ಏರಿಳಿತಗಳನ್ನೂ ತುರುಕಬೇಡಿ. 1834ರಿಂದ ಮೂರು ವರ್ಷಗಳ ಕಂದಾಯದ ಕಂತುಗಳಲ್ಲಿ ಸಂಬಂಧ ಹದಗೆಡುತ್ತಾ ಬರಲಿ, ಮಂಗಳೂರು ಕೊನೆಯ ಐವತ್ತು ಪುಟಗಳಿಗಿರಲಿ.

ಪ್ರಶ್ನೆ (ಉಡುಪಿಯ ಓದುಗಿಯೊಬ್ಬರು): ನಾನು ಬರೆಯುವವಳಲ್ಲ, ಓದುವವಳು. ಇಂತಹ ಕಥೆಗಳಲ್ಲಿ ನಾಯಕಿಯು ತಾನೇ ಸಂಬಂಧ ಕಡಿದುಕೊಳ್ಳುವುದು, ಇನ್ನೊಬ್ಬನನ್ನು ಆರಿಸಿಕೊಳ್ಳುವುದು ಎಲ್ಲ ಇಂದಿನ ವಿಚಾರಗಳನ್ನು ಹಿಂದಿನವರ ಬಾಯಲ್ಲಿ ತುರುಕಿದಂತೆ ಕಾಣುತ್ತದೆ. ಕೊನೆಗೆ ಒಂದಾಗಿಸುವುದಂತೂ ಇನ್ನೂ ಕೃತಕ. ನಿಮ್ಮ ಅಭಿಪ್ರಾಯವೇನು?

ಉತ್ತರ: ಮೊದಲನೆಯದನ್ನು ನಾವು ಒಪ್ಪುವುದಿಲ್ಲ. ಪಾಡ್ದನದ ಸಿರಿಯು ಗಂಡ ಕಾಂತು ಪೂಂಜನ ನಡತೆಯನ್ನು ಸಹಿಸದೆ ಮದುವೆಯನ್ನು ಬಿಟ್ಟು ಹೊರಟವಳು, ಮುಂದೆ ಕೊಡ್ಸರ ಆಳ್ವನ ಕೈಹಿಡಿದವಳು. ಆ ಕಥೆಯನ್ನು ಗದ್ದೆಯಲ್ಲಿ ನೇಜಿ ನೆಡುತ್ತಾ ಹಾಡಿದವರು ನಮ್ಮ ಅಜ್ಜಿಯಂದಿರೇ. ಯಾವ ಹೊಸ ವಿಚಾರವಾದಿಯೂ ಅವರಿಗೆ ಅದನ್ನು ಹೇಳಿಕೊಡಲಿಲ್ಲ. ಹೆಣ್ಣಿಗೆ ಹಿಂದಿರುಗಲು ತನ್ನದೇ ಮನೆಯೊಂದು ಇರುವಲ್ಲಿ ಸಂಬಂಧವನ್ನು ಕಡಿದುಕೊಳ್ಳುವ ಧೈರ್ಯವೂ ಇರುತ್ತದೆ. ಆ ಕಟ್ಟು ಎಲ್ಲ ಜಾತಿಗಳಲ್ಲಿ ಇರಲಿಲ್ಲ. ಅಷ್ಟಮಠಗಳ ರಥಬೀದಿಯ ಬ್ರಾಹ್ಮಣ ಮನೆಯ ನಾಯಕಿಗೆ ಇದೇ ಸ್ವಾತಂತ್ರ್ಯವನ್ನು ಕೊಟ್ಟರೆ ನಿಮ್ಮ ಆಕ್ಷೇಪಕ್ಕೆ ಬೆಲೆ ಬರುತ್ತದೆ.

ಎರಡನೆಯದರಲ್ಲಿ ನಿಮ್ಮ ಮಾತಿಗೆ ಅರ್ಧ ಸಮ್ಮತಿಯಿದೆ. ಇಬ್ಬರು ಒಂದಾದೊಡನೆ ಎರಡು ರಾಜ್ಯಗಳೂ ಒಂದಾಗಿ ಹಗೆ ಮಂಜಿನಂತೆ ಕರಗುವ ಕೊನೆಯನ್ನು ಬರೆಯುವವರು ಬೇರೆ ನಾಡಿನ ಕಥೆಗಳಿಂದ ಅದನ್ನು ಎತ್ತಿಕೊಂಡಿರುತ್ತಾರೆ. ಅಳಿಯಸಂತಾನದಲ್ಲಿ ಮದುವೆಯು ಎರಡು ಮನೆಗಳನ್ನು ಬೆಸೆಯುವುದಿಲ್ಲ. ಕಾರ್ಕಳದವರಿಗೆ ಮೇಲೆ ಹೇಳಿದ ಜೋಡಿಯೇ ಮದುವೆಯಾಯಿತೆನ್ನಿ: ಅವರಿಗೆ ಹುಟ್ಟುವ ಮಗನು ತೆಂಕು ದಡದವನು, ತಾಯಿಯ ಬೀಡಿನವನು. ತಂದೆಯ ಪಟ್ಟವು ತಂದೆಯ ತಂಗಿಯ ಮಗನಿಗೆ ಹೋಗುತ್ತದೆ. ಆ ಇಬ್ಬರು ಹುಡುಗರ ನಡುವೆ ಅಳಿವೆಯ ಸುಂಕದ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ, ಗಂಡಹೆಂಡತಿ ಇಬ್ಬರಿಗೂ ಅದು ಗೊತ್ತಿರುತ್ತದೆ. ಅಷ್ಟು ಗೊತ್ತಿದ್ದೂ ಮದುವೆಯಾಗುವ ಇಬ್ಬರನ್ನು ಯಾರಾದರೂ ಬರೆದು ಕಳುಹಿಸಿದರೆ, ಅದು ಎಷ್ಟೇ ಉದ್ದವಿರಲಿ, ನಮ್ಮ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟಿಸಲು ಸಿದ್ಧರಿದ್ದೇವೆ.